ಗೋಕರ್ಣ, ಮುರ್ಡೇಶ್ವರಕ್ಕೆ ಹೊರಟಿದ್ದೀರಾ? ಅಲೆ, ಗಾಳಿ, ಭರತ-ಇಳಿತ ನೋಡೋದು ಹೇಗೆ: ನಾಲ್ಕು ತಾಲೂಕಿನವರಿಗೆ ಪೂರ್ತಿ ಮಾಹಿತಿ

ಬೈಲಹೊಂಗಲ: ಮಳೆಗಾಲ ಮುಗೀತು ಅಂದ್ರೆ ನಮ್ಮ ಕಡೆ ಸಮುದ್ರದ ಟ್ರಿಪ್ ಶುರು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದಿಂದ ಕ್ರೂಸರ್, ಟೆಂಪೊ, ಶಾಲಾ ಪ್ರವಾಸದ ಬಸ್ಸು ಎಲ್ಲವೂ ಗೋಕರ್ಣ, ಮುರ್ಡೇಶ್ವರ, ಕಾರವಾರದ ದಾರಿ ಹಿಡಿಯುತ್ತವೆ. ಮೊದಲು ದೇವರ ದರ್ಶನ, ಆಮೇಲೆ ನೀರಾಟ ಇಷ್ಟೇ ಇತ್ತು. ಈಗ ಹುಡುಗರು ಸರ್ಫಿಂಗ್ ಬೋರ್ಡ್ ಹಿಡಿದು ಅಲೆ ಮೇಲೆ ನಿಲ್ಲೋದನ್ನೂ ಕಲಿಯೋಕೆ ಹೋಗ್ತಾರೆ.

ಆದರೆ ಮಲಪ್ರಭೆಯಲ್ಲಿ, ತೋಟದ ಬಾವಿಯಲ್ಲಿ ಈಜು ಕಲಿತವರಿಗೆ ಸಮುದ್ರದ ಲೆಕ್ಕ ಗೊತ್ತಿರೋದಿಲ್ಲ. ಬಾವಿ ನೀರು ನಿಂತಲ್ಲೇ ಇರುತ್ತೆ, ಹೊಳೆ ನೀರು ಒಂದೇ ದಿಕ್ಕಿಗೆ ಹರಿಯುತ್ತೆ. ಸಮುದ್ರದ ನೀರು ದಡಕ್ಕೆ ಬಂದು ಮತ್ತೆ ವಾಪಸ್ ಹೋಗುತ್ತೆ. ಆ ವಾಪಸ್ ಹೋಗುವ ನೀರೇ ಜೀವ ತೆಗೆಯೋದು. 2024ರ ಡಿಸೆಂಬರ್ 10ರಂದು ಮುರ್ಡೇಶ್ವರದಲ್ಲಿ ಕೋಲಾರ ಜಿಲ್ಲೆ ಮುಳಬಾಗಿಲು ತಾಲೂಕಿನ ವಸತಿ ಶಾಲೆಯ ನಾಲ್ವರು ವಿದ್ಯಾರ್ಥಿನಿಯರು ಪ್ರವಾಸಕ್ಕೆ ಬಂದು ನೀರುಪಾಲಾದರು. ಅದು ಮಳೆಗಾಲ ಅಲ್ಲ, ಸಮುದ್ರ ಶಾಂತ ಅಂತ ಎಲ್ಲರೂ ನಂಬುವ ತಿಂಗಳು. ಹಾಗಾಗಿ ಹೊರಡೋ ಮುಂಚೆ ಏನು ನೋಡಬೇಕು, ಯಾವ ತಿಂಗಳು ಹೇಗಿರುತ್ತೆ ಅನ್ನೋದರ ವಿವರ ಇಲ್ಲಿದೆ.

ಹೊಸಬರು ಕಲಿಯೋಕೆ ಯಾವ ಬೀಚ್?

ಹೊಸಬರಿಗೆ ಬೇಕಾಗಿದ್ದು ಮೂರೇ: ತಳದಲ್ಲಿ ಮರಳು ಇರಬೇಕು, ಬಂಡೆ ಇರಬಾರದು, ಆಳ ನಿಧಾನಕ್ಕೆ ಹೆಚ್ಚಬೇಕು, ಕಲಿಸುವವರು, ಕಾಯುವವರು ದಡದಲ್ಲಿ ಇರಬೇಕು.

ಗೋಕರ್ಣದ ಮುಖ್ಯ ಬೀಚ್ ಉದ್ದಕ್ಕೆ ಅಗಲಕ್ಕೆ ಮರಳಿನದು. ಸರ್ಫಿಂಗ್ ಕಲಿಸುವವರೂ ಅಲ್ಲಿ ಸಿಗ್ತಾರೆ. ಕುಡ್ಲೆ ಬೀಚ್ ಎರಡೂ ಕಡೆ ಗುಡ್ಡದ ನಡುವೆ ಇದೆ. ಓಂ ಬೀಚ್ ನೋಡೋಕೆ ಚಂದ, ಆದರೆ ಅಲ್ಲಿ ಬಂಡೆಗಳು ಜಾಸ್ತಿ. ಪಾಚಿ ಕಟ್ಟಿದ ಬಂಡೆ ಮೇಲೆ ನಿಂತು ಸೆಲ್ಫಿ ತೆಗೆಯೋದು ಯಾವ ತಿಂಗಳಲ್ಲೂ ಬೇಡ.

ಕರ್ನಾಟಕದ ಸರ್ಫಿಂಗ್ ಊರು ಅಂದ್ರೆ ಮೂಲ್ಕಿ, ದಕ್ಷಿಣ ಕನ್ನಡ ಜಿಲ್ಲೆಯಲ್ಲಿದೆ. 'ಸರ್ಫಿಂಗ್ ಸ್ವಾಮಿ' ಅಂತಲೇ ಹೆಸರಾದ ಅಮೆರಿಕ ಮೂಲದ ಜ್ಯಾಕ್ ಹೆಬ್ನರ್ ಶುರು ಮಾಡಿದ ಮಂತ್ರ ಸರ್ಫ್ ಕ್ಲಬ್ ಇರೋದು ಅಲ್ಲೇ. ಹತ್ತಿರದ ಸಸಿಹಿತ್ಲುವಿನಲ್ಲಿ ಶಾಂಭವಿ ಮತ್ತು ನಂದಿನಿ ನದಿಗಳು ಸಮುದ್ರ ಸೇರುತ್ತವೆ. ನದಿ ತಂದು ಹಾಕುವ ಮರಳು ದಿಬ್ಬದ ಮೇಲೆ ಅಲೆ ಚೆನ್ನಾಗಿ ಒಡೆಯುತ್ತೆ. 2016ರ ಮೇ ಕೊನೆಯಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ನಡೆದಿದ್ದು ಇಲ್ಲೇ. ಆದರೆ ಸ್ಪರ್ಧೆಗೆ ಒಳ್ಳೆಯ ಅಲೆ ಕಲಿಯುವವರಿಗೆ ಒಳ್ಳೆಯದಲ್ಲ ಅನ್ನೋದು ನೆನಪಿರಲಿ. ನದಿ ಬಾಯಿ ಹತ್ತಿರ ಸೆಳೆತವೂ ಜೋರು.

ಈಜಿಗಷ್ಟೇ ಹೋಗುವ ಕುಟುಂಬಗಳಿಗೆ ಹೊನ್ನಾವರದ ಕಾಸರಕೋಡು ಮತ್ತು ಉಡುಪಿ ಜಿಲ್ಲೆಯ ಪಡುಬಿದ್ರಿ ಬೀಚ್‌ಗಳಿವೆ. ಇವೆರಡಕ್ಕೂ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು.

ತಿಂಗಳ ಲೆಕ್ಕ

ಅಕ್ಟೋಬರ್: ಮುಂಗಾರು ಹಿಂದೆ ಸರಿಯುವ ತಿಂಗಳು. ದಸರಾ ರಜೆಯ ಜನ ಜಾಸ್ತಿ. ಮಳೆಗಾಲದ ಅಲೆಗಳು ತಳದ ಮರಳನ್ನೆಲ್ಲ ಅದಲು ಬದಲು ಮಾಡಿರುತ್ತವೆ. ಹೋದ ವರ್ಷ ಸೊಂಟದ ಮಟ್ಟ ಇದ್ದ ಜಾಗ ಈ ವರ್ಷ ಗುಂಡಿ ಆಗಿರಬಹುದು. ಅರಬ್ಬಿ ಸಮುದ್ರದಲ್ಲಿ ಚಂಡಮಾರುತ ಏಳುವ ಎರಡನೇ ಅವಧಿಯೂ ಇದೇ, ಅಕ್ಟೋಬರ್-ನವೆಂಬರ್.

ನವೆಂಬರ್‌ನಿಂದ ಫೆಬ್ರುವರಿ: ಹೊಸಬರಿಗೆ ಸರಿಯಾದ ಕಾಲ. ಗಾಳಿ ಹೆಚ್ಚಾಗಿ ಭೂಮಿ ಕಡೆಯಿಂದ ಸಮುದ್ರದ ಕಡೆ ಬೀಸುತ್ತೆ. ಅಲೆ ಸಾಮಾನ್ಯವಾಗಿ ಒಂದು ಮೀಟರಿನ ಒಳಗೆ. ಬೆಳಗಿನ ಹೊತ್ತು ನೀರು ಕನ್ನಡಿ ಹಾಗೆ ಇರುತ್ತೆ.

ಮಾರ್ಚ್‌ನಿಂದ ಮೇ: ಬೆಳಗ್ಗೆ ಪರವಾಗಿಲ್ಲ. ಮಧ್ಯಾಹ್ನದ ನಂತರ ಸಮುದ್ರದಿಂದ ಗಾಳಿ ಜೋರಾಗಿ ನೀರು ಕಲಕುತ್ತೆ. ದಕ್ಷಿಣದಿಂದ ಬರುವ ದೊಡ್ಡ ಅಲೆಗಳು ಹೆಚ್ಚುತ್ತವೆ. ಮೇ ತಿಂಗಳು ಚಂಡಮಾರುತದ ಮೊದಲ ಅವಧಿ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಗುಜರಾತಿಗೆ ಹೋಗಿ ಅಪ್ಪಳಿಸಿದರೂ ದಾರಿಯಲ್ಲಿ ನಮ್ಮ ಕರಾವಳಿಯನ್ನೂ ಕೊರೆದುಕೊಂಡೇ ಹೋಯಿತು.

ಜೂನ್‌ನಿಂದ ಸೆಪ್ಟೆಂಬರ್: ನೀರಿಗೆ ಇಳಿಯೋದೇ ಬೇಡ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಯೇ ಬಂದ್. ಸಮುದ್ರದಲ್ಲೇ ಹುಟ್ಟಿ ಬೆಳೆದ ಮೀನುಗಾರರು ಬೋಟು ದಡಕ್ಕೆ ಎಳೆದಿಟ್ಟ ಕಾಲದಲ್ಲಿ ನಾವು ಇಳಿಯೋದರಲ್ಲಿ ಅರ್ಥ ಇಲ್ಲ. ದಡದಲ್ಲಿ ನಿಂತು ನೋಡಿ, ವಾಪಸ್ ಬನ್ನಿ.

ಮುನ್ಸೂಚನೆಯಲ್ಲಿ ನೋಡಬೇಕಾದ ನಾಲ್ಕು ಅಂಕಿ

ಮಳೆ, ಗಾಳಿಗೆ ಭಾರತೀಯ ಹವಾಮಾನ ಇಲಾಖೆ ಇದೆ. ಅಲೆಗೆ ಹೈದರಾಬಾದಿನ ಇನ್‌ಕಾಯ್ಸ್ ಇದೆ. ಇದು ಕೇಂದ್ರ ಸರ್ಕಾರದ ಸಮುದ್ರ ಮಾಹಿತಿ ಸಂಸ್ಥೆ. ಎರಡೂ ವೆಬ್‌ಸೈಟ್ ಮೊಬೈಲ್‌ನಲ್ಲೇ ಪುಕ್ಕಟೆ ಸಿಗ್ತವೆ.

1. ಅಲೆಯ ಎತ್ತರ: ಹೊಸಬರಿಗೆ ಒಂದರಿಂದ ಎರಡು ಅಡಿ ಸಾಕು, ಮೂರು ಅಡಿ ಮೀರಿದರೆ ಬೇಡ. ವರದಿಯಲ್ಲಿ ಕೊಡುವ ಎತ್ತರ ಅತಿ ದೊಡ್ಡ ಅಲೆಯದ್ದಲ್ಲ. ಬರುವ ಅಲೆಗಳಲ್ಲಿ ದೊಡ್ಡ ಮೂರನೇ ಒಂದು ಭಾಗದ ಸರಾಸರಿ ಅದು. ಒಂದೊಂದು ಅಲೆ ಅದರ ಎರಡು ಪಟ್ಟಿನ ಹತ್ತಿರ ಬರಬಹುದು. ಇನ್ನೊಂದು ಮಾತು, ಎತ್ತರ ಎರಡು ಪಟ್ಟಾದರೆ ಅಲೆಯ ಶಕ್ತಿ ನಾಲ್ಕು ಪಟ್ಟಾಗುತ್ತೆ. ಎರಡಡಿ ಅಲೆ ತಡೆದವನು ನಾಲ್ಕಡಿ ಅಲೆಯನ್ನೂ ತಡೀತೀನಿ ಅಂದುಕೊಂಡರೆ ಲೆಕ್ಕ ತಪ್ಪಿದಂತೆ.

2. ಅಲೆಯ ಅವಧಿ: ಒಂದು ಅಲೆ ಬಂದ ಮೇಲೆ ಇನ್ನೊಂದು ಬರೋಕೆ ಎಷ್ಟು ಸೆಕೆಂಡ್ ಅನ್ನೋದು. ಐದಾರು ಸೆಕೆಂಡ್ ಇದ್ದರೆ ಹತ್ತಿರದ ಗಾಳಿ ಎಬ್ಬಿಸಿದ ಚಿಲ್ಲರೆ ಅಲೆ. ಹನ್ನೆರಡು, ಹದಿನೈದು ಸೆಕೆಂಡ್ ಇದ್ದರೆ ಬಹಳ ದೂರದಿಂದ ಬಂದ ಬಲವಾದ ಅಲೆ. ನಡುವೆ ಸಮುದ್ರ ಸುಮ್ಮನಿದ್ದಂತೆ ಕಾಣುತ್ತೆ, ಆಮೇಲೆ ಒಮ್ಮೆಲೇ ದೊಡ್ಡ ಅಲೆಗಳ ಗುಂಪು ಬರುತ್ತೆ. ಅದಕ್ಕೇ ಇಳಿಯೋ ಮುಂಚೆ ಕನಿಷ್ಠ ಹದಿನೈದು ನಿಮಿಷ ದಡದಲ್ಲಿ ನಿಂತು ನೋಡಬೇಕು.

3. ಗಾಳಿಯ ದಿಕ್ಕು: ಭೂಮಿಯಿಂದ ಸಮುದ್ರಕ್ಕೆ ಮೆಲ್ಲಗೆ ಬೀಸಿದರೆ ಅಲೆ ನೀಟಾಗಿ ಒಡೆಯುತ್ತೆ. ಸಮುದ್ರದಿಂದ ದಡಕ್ಕೆ ಜೋರಾಗಿ ಬೀಸಿದರೆ ಅಲೆ ಗೊಂದಲ. ಬೆಳಗ್ಗೆ ಆರರಿಂದ ಒಂಬತ್ತು ಒಳ್ಳೆಯ ಹೊತ್ತು. ಗಾಳಿ ತುಂಬಿದ ಟ್ಯೂಬ್, ಆಟದ ಬಲೂನ್ ಹಿಡಿದ ಮಕ್ಕಳಿಗೆ ಮಾತ್ರ ಭೂಮಿಯಿಂದ ಬೀಸುವ ಗಾಳಿಯೇ ಅಪಾಯ, ಒಳಕ್ಕೆ ತಳ್ಳಿಕೊಂಡು ಹೋಗುತ್ತೆ.

4. ಮಳೆಯ ಬಣ್ಣ: 24 ಗಂಟೆಯಲ್ಲಿ 64.5 ಮಿ.ಮೀ. ದಾಟಿದರೆ ಭಾರಿ ಮಳೆ, 115.6 ದಾಟಿದರೆ ಅತಿ ಭಾರಿ, 204.4 ಮೀರಿದರೆ ವಿಪರೀತ ಮಳೆ ಅಂತ ಇಲಾಖೆ ಲೆಕ್ಕ. ಹಳದಿ ಅಂದ್ರೆ ಗಮನ ಇರಲಿ, ಕಿತ್ತಳೆ ಅಂದ್ರೆ ಸಿದ್ಧವಾಗಿರಿ, ಕೆಂಪು ಅಂದ್ರೆ ಟ್ರಿಪ್ ಮುಂದೂಡಿ.

ಹುಣ್ಣಿಮೆ, ಅಮಾವಾಸ್ಯೆ ಲೆಕ್ಕ

ಅಮಾವಾಸ್ಯೆ ಪೂಜೆ ಮಾಡುವ ಅಂಗಡಿಕಾರರಿಗೆ, ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡಕ್ಕೆ ಹೋಗುವವರಿಗೆ ಈ ಲೆಕ್ಕ ಸುಲಭ. ಸಮುದ್ರ ದಿನಕ್ಕೆ ಎರಡು ಸಲ ಏರುತ್ತೆ, ಎರಡು ಸಲ ಇಳಿಯುತ್ತೆ. ಕರಾವಳಿಯವರು ಇದನ್ನು ಭರತ, ಇಳಿತ ಅಂತಾರೆ. ಒಂದು ಭರತದಿಂದ ಮುಂದಿನ ಭರತಕ್ಕೆ ಸುಮಾರು 12 ಗಂಟೆ 25 ನಿಮಿಷ. ಇವತ್ತು ಬೆಳಗ್ಗೆ 10ಕ್ಕೆ ಭರತ ಇದ್ದರೆ ನಾಳೆ 10.50ರ ಸುಮಾರಿಗೆ.

ಹುಣ್ಣಿಮೆ, ಅಮಾವಾಸ್ಯೆಗೆ ಸೂರ್ಯ, ಚಂದ್ರ, ಭೂಮಿ ಒಂದೇ ಸಾಲಿಗೆ ಬರೋದರಿಂದ ಏರಿಳಿತ ಜಾಸ್ತಿ. ಅದಾದ ಒಂದೆರಡು ದಿನವೂ ಹಾಗೇ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಸವದತ್ತಿಯಲ್ಲಿ ದರ್ಶನ ಮುಗಿಸಿ ಹಾಗೇ ಗೋಕರ್ಣಕ್ಕೆ ಹೋಗುವವರು ಇದನ್ನು ಗಮನಿಸಬೇಕು. ನೀರು ವೇಗವಾಗಿ ಇಳಿಯುವ ಹೊತ್ತಿನಲ್ಲಿ ಸೆಳೆತ ಹೆಚ್ಚು. ಹೊಸಬರಿಗೆ ಇಳಿತ ಮುಗಿದು ನೀರು ನಿಧಾನಕ್ಕೆ ಏರುವ ಹೊತ್ತು ಒಳ್ಳೆಯದು. ಅಷ್ಟಮಿ ಆಸುಪಾಸು ಏರಿಳಿತ ಕಡಿಮೆ.

ಶಾಂತವಾಗಿ ಕಾಣುವ ಜಾಗವೇ ಸೆಳೆತ

ದಡಕ್ಕೆ ಬಂದ ನೀರು ವಾಪಸ್ ಹೋಗೋಕೆ ಮರಳು ದಿಬ್ಬಗಳ ನಡುವೆ ಒಂದು ಕಾಲುವೆ ಮಾಡಿಕೊಳ್ಳುತ್ತೆ. ಅಲ್ಲಿ ಆಳ ಜಾಸ್ತಿ ಇರೋದರಿಂದ ಅಲೆ ಒಡೆಯೋದಿಲ್ಲ, ನೊರೆ ಇರೋದಿಲ್ಲ. ಎರಡೂ ಪಕ್ಕ ಬಿಳಿ ನೊರೆ, ನಡುವೆ ಮಾತ್ರ ಕಪ್ಪಗೆ ಸುಮ್ಮನಿರುವ ನೀರು. ಊರಿಂದ ಹೋದವರು 'ಇಲ್ಲಿ ಅಲೆ ಇಲ್ಲ, ಮಕ್ಕಳನ್ನ ಇಲ್ಲೇ ಇಳಿಸೋಣ' ಅಂತ ಸರಿಯಾಗಿ ಅಲ್ಲೇ ಇಳಿಸ್ತಾರೆ. ಮಣ್ಣಿನ ಬಣ್ಣದ ನೀರು, ಕಸ, ನೊರೆ ಒಳಮುಖವಾಗಿ ಸಾಗುತ್ತಿದ್ದರೂ ಅದೇ ಗುರುತು.

ಈ ಸೆಳೆತ ಸೆಕೆಂಡಿಗೆ ಎರಡು ಮೀಟರ್ ಮುಟ್ಟಬಹುದು. ಎಂಥ ಈಜುಗಾರನೂ ಎದುರು ಈಜಿ ಗೆಲ್ಲಲಾರ. ಸಿಕ್ಕಿಕೊಂಡರೆ ಹೀಗೆ ಮಾಡಿ: ಗಾಬರಿ ಬೇಡ, ಅಂಗಾತ ತೇಲಿ. ಸೆಳೆತ ನಿಮ್ಮನ್ನು ಕೆಳಕ್ಕೆ ಎಳೆಯೋದಿಲ್ಲ, ಒಳಕ್ಕಷ್ಟೇ ಒಯ್ಯುತ್ತೆ. ಕೈ ಎತ್ತಿ ಕೂಗಿ. ಶಕ್ತಿ ಇದ್ದರೆ ದಡಕ್ಕೆ ಅಡ್ಡಲಾಗಿ, ಅಂದರೆ ದಡದ ಉದ್ದಕ್ಕೆ ಈಜಿ ಸೆಳೆತದಿಂದ ಹೊರಬನ್ನಿ. ಆಮೇಲೆ ನೊರೆ ಇರುವ ಕಡೆಯಿಂದ ದಡಕ್ಕೆ ಬನ್ನಿ.

ದಡದಲ್ಲಿ ಇರುವವರು ಒಬ್ಬರ ಹಿಂದೆ ಒಬ್ಬರು ನೀರಿಗೆ ಹಾರಬಾರದು. ಒಬ್ಬರನ್ನು ಉಳಿಸೋಕೆ ಹೋಗಿ ಮನೆ ಮಂದಿಯೆಲ್ಲ ಹೋಗೋದು ಹೀಗೇ. ಖಾಲಿ ಕೊಡ, ಮುಚ್ಚಳ ಹಾಕಿದ ನೀರಿನ ಕ್ಯಾನ್, ಹಗ್ಗ, ಟ್ಯೂಬ್ ಏನಾದರೂ ತೇಲುವಂಥದ್ದು ಎಸೆಯಿರಿ. ಜೀವರಕ್ಷಕರನ್ನು ಕರೆಯಿರಿ. ಹೊರಗೆ ತಂದ ಮೇಲೆ ಹೊಟ್ಟೆ ಒತ್ತಿ ನೀರು ತೆಗೆಯೋಕೆ ಹೋಗಬೇಡಿ. ಉಸಿರು ಇಲ್ಲದಿದ್ದರೆ ಬಾಯಿಗೆ ಬಾಯಿಟ್ಟು ಉಸಿರು ಕೊಟ್ಟು ಎದೆ ಒತ್ತುವುದನ್ನು ತಕ್ಷಣ ಶುರು ಮಾಡಬೇಕು.

ಗಾಳಿ ಇಲ್ಲದೇ ಬರುವ 'ಕಳ್ಳ ಕಡಲು'

ಆಕಾಶ ನೀಲಿ, ಗಾಳಿ ಇಲ್ಲ, ಮಳೆ ಇಲ್ಲ, ಆದರೂ ಸಮುದ್ರ ಒಮ್ಮೆಲೇ ಉಕ್ಕುತ್ತೆ. ಮಲಯಾಳಿಗಳು ಇದನ್ನು ಕಳ್ಳಕ್ಕಡಲ್ ಅಂತಾರೆ, ಕಳ್ಳನ ಹಾಗೆ ಬರುವ ಕಡಲು ಅಂತ. ಸಾವಿರಾರು ಕಿಲೋಮೀಟರ್ ದೂರ, ಹಿಂದೂ ಮಹಾಸಾಗರದ ದಕ್ಷಿಣ ತುದಿಯಲ್ಲಿ ಎದ್ದ ಬಿರುಗಾಳಿಯ ಅಲೆ ಕೆಲ ದಿನಗಳ ನಂತರ ನಮ್ಮ ದಡ ಮುಟ್ಟೋದು ಇದಕ್ಕೆ ಕಾರಣ. 2024ರ ಮೇ 6ರಂದು ಕನ್ಯಾಕುಮಾರಿ ಜಿಲ್ಲೆಯಲ್ಲಿ ಐವರು ವೈದ್ಯಕೀಯ ವಿದ್ಯಾರ್ಥಿಗಳು ಸತ್ತಿದ್ದು ಇಂಥ ಎಚ್ಚರಿಕೆ ಜಾರಿಯಲ್ಲಿದ್ದಾಗಲೇ. ಬಿಸಿಲು ಇದೆ ಅಂದ ಮಾತ್ರಕ್ಕೆ ಸಮುದ್ರ ಸರಿ ಇದೆ ಅಂತಲ್ಲ. ಇನ್‌ಕಾಯ್ಸ್‌ನ ಎತ್ತರದ ಅಲೆ ಎಚ್ಚರಿಕೆ ಇದ್ದ ದಿನ ಮೊಣಕಾಲು ನೀರಿಗೂ ಇಳಿಯಬೇಡಿ.

ಬೋರ್ಡ್ ಹಿಡಿಯುವ ಮೊದಲ ದಿನ

ಮೊದಲ ಪಾಠ ಮರಳ ಮೇಲೇ ಇರುತ್ತೆ: ಬೋರ್ಡ್ ಮೇಲೆ ಮಲಗೋದು, ಕೈಯಿಂದ ನೀರು ತಳ್ಳೋದು, ಜಿಗಿದು ನಿಲ್ಲೋದು. ಆಮೇಲೆ ಸೊಂಟದ ಮಟ್ಟದ ನೀರಿನಲ್ಲಿ ಒಡೆದು ಬರುವ ಬಿಳಿ ನೊರೆಯ ಮೇಲೆ ಅಭ್ಯಾಸ. ಎಂಟರಿಂದ ಒಂಬತ್ತು ಅಡಿಯ ಮೆತ್ತನೆ ಫೋಮ್ ಬೋರ್ಡ್ ಕೇಳಿ ಪಡೆಯಿರಿ. ಕಾಲಿಗೆ ಕಟ್ಟುವ ಹಗ್ಗ ಬಿಚ್ಚಬೇಡಿ. ಬೀಳುವಾಗ ತಲೆ ಕೆಳಗೆ ಮಾಡಿ ಹಾರಬೇಡಿ, ತಳ ಹತ್ತಿರವೇ ಇರುತ್ತೆ. ಬೋರ್ಡನ್ನು ನಿಮ್ಮ ಮತ್ತು ಅಲೆಯ ನಡುವೆ ಅಡ್ಡ ಹಿಡಿಯಬೇಡಿ, ಎದೆಗೇ ಬಡಿಯುತ್ತೆ. ಈಜು ಬಾರದವರು ಲೈಫ್ ಜಾಕೆಟ್ ಇಲ್ಲದೆ ಇಳಿಯಬಾರದು.

ಇದೇನು ಶ್ರೀಮಂತರ ಆಟ ಅಂತ ಮೂಗು ಮುರಿಯಬೇಕಿಲ್ಲ. ಟೋಕಿಯೊ ಒಲಿಂಪಿಕ್ಸ್‌ನಿಂದ ಸರ್ಫಿಂಗ್ ಒಲಿಂಪಿಕ್ ಆಟ. 2025ರ ಆಗಸ್ಟ್‌ನಲ್ಲಿ ಮಹಾಬಲಿಪುರಂನಲ್ಲಿ ನಡೆದ ಏಷ್ಯನ್ ಸರ್ಫಿಂಗ್ ಚಾಂಪಿಯನ್‌ಶಿಪ್‌ನಲ್ಲಿ ರಮೇಶ್ ಬುದಿಹಾಳ ಕಂಚು ಗೆದ್ದರು.

ಶಾಲಾ ಪ್ರವಾಸ ಕರೆದೊಯ್ಯುವವರಿಗೆ

ಮಕ್ಕಳನ್ನು ಹತ್ತತ್ತರ ಗುಂಪು ಮಾಡಿ, ಗುಂಪಿಗೊಬ್ಬ ಶಿಕ್ಷಕರು ನೀರಿನ ಕಡೆ ಮುಖ ಮಾಡಿ ನಿಲ್ಲಬೇಕು. ಮೊಬೈಲ್ ಜೇಬಿನಲ್ಲಿರಲಿ. ಬಸ್ ಇಳಿದ ಕೂಡಲೇ ಜೀವರಕ್ಷಕರನ್ನು ಕೇಳಿ. ಕೆಂಪು-ಹಳದಿ ಬಾವುಟಗಳ ನಡುವೆ ಕಾವಲು ಇರುತ್ತೆ. ಒಂದು ಕೆಂಪು ಬಾವುಟ ಅಂದ್ರೆ ಅಪಾಯ, ಎರಡು ಕೆಂಪು ಅಂದ್ರೆ ನೀರಿಗೆ ಇಳಿಯೋದೇ ನಿಷೇಧ. ಸಂಜೆ ಕತ್ತಲಾಗುವ ಹೊತ್ತಿಗೆ ಬೀಚ್ ತಲುಪುವ ಹಾಗೆ ಪ್ಲಾನ್ ಮಾಡಬೇಡಿ. ದಣಿದ ಮಕ್ಕಳು, ಕಡಿಮೆ ಬೆಳಕು, ಕಾವಲು ಇಲ್ಲದ ದಡ ಮೂರೂ ಒಟ್ಟಿಗೆ ಸೇರಬಾರದು. ಸೀರೆ, ಚೂಡಿದಾರ, ಜೀನ್ಸ್ ನೆನೆದರೆ ಭಾರವಾಗಿ ಕಾಲಿಗೆ ಸುತ್ತಿಕೊಳ್ಳುತ್ತೆ ಅನ್ನೋದೂ ಗೊತ್ತಿರಲಿ. ಕುಡಿದವರನ್ನು ನೀರಿನ ಹತ್ತಿರ ಬಿಡಬೇಡಿ.

ದಾರಿಯ ಹವಾಮಾನವನ್ನೂ ನೋಡಿ

ಬೈಲಹೊಂಗಲ, ಕಿತ್ತೂರು, ಸವದತ್ತಿಯವರು ಧಾರವಾಡ, ಹುಬ್ಬಳ್ಳಿ ಮೇಲೆ, ರಾಮದುರ್ಗದವರು ನರಗುಂದ, ನವಲಗುಂದ, ಹುಬ್ಬಳ್ಳಿ ಮೇಲೆ ಹೋಗಬಹುದು. ಮುಂದೆ ಕಲಘಟಗಿ, ಯಲ್ಲಾಪುರ, ಅರಬೈಲ್ ಘಟ್ಟ ಇಳಿದರೆ ಅಂಕೋಲಾ. ನಮ್ಮಲ್ಲಿ ಬಿಸಿಲಿದ್ದರೂ ಘಟ್ಟದಲ್ಲಿ ಮಳೆ ಇರಬಹುದು. ಕರಾವಳಿಯಲ್ಲಿ ವರ್ಷಕ್ಕೆ 3 ಸಾವಿರ ಮಿ.ಮೀ. ಮೀರಿ ಮಳೆ ಬೀಳುತ್ತೆ, ನಮ್ಮ ತಾಲೂಕುಗಳ ಮಳೆ ಅಂದಾಜು ಅಲ್ಲಿ ನಡೆಯೋದಿಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಿದ್ದು ಗೋಕರ್ಣಕ್ಕೆ ಹೋಗುವ ಇದೇ ಹೆದ್ದಾರಿ 66ರಲ್ಲಿ. ಮಳೆಗಾಲದಲ್ಲಿ ಹೊರಟರೆ ಉತ್ತರ ಕನ್ನಡ ಜಿಲ್ಲೆಯ ಮಳೆ ಎಚ್ಚರಿಕೆ ನೋಡಿ, ಹಗಲಲ್ಲೇ ಘಟ್ಟ ದಾಟಿ.

ಹೊರಡೋ ಮುನ್ನ

* ಉತ್ತರ ಕನ್ನಡ ಅಥವಾ ದಕ್ಷಿಣ ಕನ್ನಡದ ಮಳೆ ಎಚ್ಚರಿಕೆ ಯಾವ ಬಣ್ಣ?
* ಇನ್‌ಕಾಯ್ಸ್‌ನ ಅಲೆ ಎಚ್ಚರಿಕೆ ಇದೆಯಾ?
* ಅಲೆ ಮೂರು ಅಡಿ ಒಳಗಿದೆಯಾ?
* ಹುಣ್ಣಿಮೆ, ಅಮಾವಾಸ್ಯೆ ಹತ್ತಿರ ಇದೆಯಾ? ಭರತ ಎಷ್ಟು ಗಂಟೆಗೆ?
* ಬೀಚ್‌ನಲ್ಲಿ ಜೀವರಕ್ಷಕರು ಎಷ್ಟು ಗಂಟೆವರೆಗೆ ಇರ್ತಾರೆ?

ತುರ್ತು ಸಂಖ್ಯೆಗಳು: ಪೊಲೀಸ್ 112, ಆಂಬುಲೆನ್ಸ್ 108, ಕರಾವಳಿ ರಕ್ಷಣಾ ಪಡೆ 1554. ಟ್ರಿಪ್‌ಗೆ ಹೋಗುವ ಎಲ್ಲರ ಮೊಬೈಲ್‌ನಲ್ಲೂ ಇವನ್ನು ಸೇವ್ ಮಾಡಿಸಿ, ವಾಹನದ ಡ್ರೈವರ್‌ಗೂ ಕೊಡಿ.