ಹರಕೆ ಹೊತ್ತವರು ಯಾರು? ಗೊರವನಹಳ್ಳಿ ಸೀಮೆಯ ಕಳವಳ ಮತ್ತು ಖಿನ್ನತೆ

ಕೊರಟಗೆರೆ ತಾಲ್ಲೂಕಿನ ಗೊರವನಹಳ್ಳಿ ಮಹಾಲಕ್ಷ್ಮಿಯ ಸನ್ನಿಧಿಗೆ ಶುಕ್ರವಾರಗಳಲ್ಲಿ ಬರುವ ಜನಸ್ತೋಮವನ್ನು ಭಕ್ತಿಯ ಚರಿತ್ರೆಯ ಭಾಗವಾಗಿ ನೋಡುವುದು ರೂಢಿ. ಭಕ್ತೆ ಕಮಲಮ್ಮನವರ ಸೇವೆಯಿಂದ ಕ್ಷೇತ್ರ ಬೆಳೆದ ಕಥನ ಈ ಸೀಮೆಯಲ್ಲಿ ಎಲ್ಲರಿಗೂ ಗೊತ್ತು. ಅದೇ ಜನರನ್ನು ಮನೋವಿಜ್ಞಾನದ ಕಡೆಯಿಂದ ನೋಡಿದಾಗ ಬೇರೆ ಪ್ರಶ್ನೆ ಏಳುತ್ತದೆ: ಹರಕೆ ಹೊತ್ತಾಗ ಮನಸ್ಸಿನೊಳಗೆ ಏನು ನಡೆಯುತ್ತದೆ? ಯಾರ ಮನಸ್ಸಿನಲ್ಲಿ ಏನೂ ನಡೆಯುವುದಿಲ್ಲ? ಹರಕೆ ಕಳವಳವನ್ನು ತಗ್ಗಿಸಬಲ್ಲದು, ಖಿನ್ನತೆಯ ಎದುರು ಅದಕ್ಕೆ ಹಿಡಿತ ಸಿಗುವುದಿಲ್ಲ, ಇವೆರಡನ್ನೂ ಬೇರೆಮಾಡಿ ಗುರುತಿಸಲು ಹರಕೆಯೇ ಒಂದು ಸುಳಿವು ಕೊಡುತ್ತದೆ ಎಂಬುದು ಈ ಲೇಖನದ ವಾದ.

ಕಳವಳಕ್ಕೆ ಇಲ್ಲಿ ನೆಲದ ಕಾರಣಗಳಿವೆ. ಸುತ್ತಲಿನ ಮಧುಗಿರಿ, ಶಿರಾ, ಪಾವಗಡ ತಾಲ್ಲೂಕುಗಳು ಮಳೆ ಕೈಕೊಡುವ ಸೀಮೆ. ಕಡಲೆಕಾಯಿ ಬಿತ್ತಿದವರು ಮುಗಿಲು ನೋಡಬೇಕು. ಬೋರು ಕೊರೆಸುವವರು ನೀರಿನ ಪಾಯಿಂಟ್ ನೋಡಿಸಿ, ಸಾಲ ತಂದು, ನೀರು ಬೀಳುವವರೆಗೆ ಉಸಿರು ಬಿಗಿಹಿಡಿದಿರಬೇಕು. ಪಾವಗಡದ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಎದ್ದ ಮೇಲೆ ಭೂಮಿ ಇದ್ದವರಿಗೆ ಗುತ್ತಿಗೆ ಹಣವಾದರೂ ನಿಶ್ಚಿತವಾಯಿತು. ಅದೇ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗೆ ಆ ನಿಶ್ಚಿಂತೆ ಬರಲಿಲ್ಲ.

ಅನಿಶ್ಚಯ ಇದ್ದಲ್ಲಿ ಆಚರಣೆ ದಟ್ಟವಾಗುತ್ತದೆಂದು ಮಾನವಶಾಸ್ತ್ರಜ್ಞ ಮಲಿನೋವ್‌ಸ್ಕಿ ಟ್ರೋಬ್ರಿಯಾಂಡ್ ದ್ವೀಪಗಳ ಅಧ್ಯಯನದಿಂದ ಹೇಳಿದ. ತಿಳಿನೀರಿನ ಹಿನ್ನೀರಿನಲ್ಲಿ ಮೀನು ಹಿಡಿಯುವಾಗ ಮಂತ್ರ ಬೇಕಿರಲಿಲ್ಲ. ಅಪಾಯದ ತೆರೆದ ಕಡಲಿಗೆ ಇಳಿಯುವಾಗ ಬೇಕಿತ್ತು. ಈ ವಿವರಣೆ ಆಚರಣೆ ಎಲ್ಲಿ ಹೆಚ್ಚುತ್ತದೆ ಎಂಬುದನ್ನು ತಿಳಿಸುತ್ತದೆ. ಆಚರಣೆ ಮನಸ್ಸಿಗೆ ಮಾಡುವ ಕೆಲಸವನ್ನು ತಿಳಿಯಲು ಮನೋವಿಜ್ಞಾನಿಗಳಾದ ಮ್ಯಾಸಿಕಾಂಪೊ ಮತ್ತು ಬೌಮೈಸ್ಟರ್ 2011ರಲ್ಲಿ ಪ್ರಕಟಿಸಿದ ಪ್ರಯೋಗಗಳು ಹೆಚ್ಚು ನೆರವಾಗುತ್ತವೆ. ಮುಗಿಯದ ಕೆಲಸದ ನೆನಪು ಬೇರೆ ಕೆಲಸದ ನಡುವೆ ಮತ್ತೆ ಮತ್ತೆ ನುಗ್ಗಿ ಕಾಡುತ್ತದೆ. ಯಾವಾಗ, ಹೇಗೆ ಮಾಡುವುದೆಂದು ನಿಖರವಾಗಿ ಗೊತ್ತುಪಡಿಸಿಕೊಂಡರೆ, ಕೆಲಸ ಮುಗಿಯದಿದ್ದರೂ ಆ ಕಾಟ ಅಡಗುತ್ತದೆ.

ಹರಕೆಯ ರಚನೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಮಗಳಿಗೆ ಗಂಡು ಗೊತ್ತಾದರೆ ಸೀರೆ ಒಪ್ಪಿಸುತ್ತೇನೆ, ಸಾಲ ತೀರಿದರೆ ಮನೆಮಂದಿಯೆಲ್ಲ ಬಂದು ಸೇವೆ ಮಾಡಿಸುತ್ತೇವೆ. ಇಲ್ಲಿ ಕೇಳುವವರಿದ್ದಾರೆ, ಕೇಳಿಸಿಕೊಳ್ಳುವವಳಿದ್ದಾಳೆ, ಕೊಡುವ ವಸ್ತು ಗೊತ್ತಿದೆ, ಕೊಡುವ ಹೊತ್ತೂ ಗೊತ್ತಿದೆ. ಅರಿಸಿನದ ಬಟ್ಟೆಯಲ್ಲಿ ನಾಣ್ಯ ಗಂಟುಕಟ್ಟಿ ಮುಡಿಪು ಎತ್ತಿಟ್ಟ ಮೇಲೆ, ಕೊನೆಮೊದಲಿಲ್ಲದ ಚಿಂತೆಗೆ ಒಂದು ಗಡಿ ಬೀಳುತ್ತದೆ. ಅಮೆರಿಕದ ಮನೋವಿಜ್ಞಾನಿ ಕೆನೆತ್ ಪಾರ್ಗಮೆಂಟ್ 1988ರಲ್ಲಿ ಕಷ್ಟ ಎದುರಿಸುವ ಧಾರ್ಮಿಕ ರೀತಿಗಳನ್ನು ಮೂರಾಗಿ ವಿಂಗಡಿಸಿದರು: ಎಲ್ಲವನ್ನೂ ತಾನೇ ನಿಭಾಯಿಸುವುದು, ಎಲ್ಲವನ್ನೂ ದೇವರ ಮೇಲೆ ಹಾಕುವುದು, ದೇವರೊಂದಿಗೆ ಪಾಲುದಾರಿಕೆ. ಹರಕೆ ಮೂರನೆಯದಕ್ಕೆ ಸೇರುತ್ತದೆ. ಹರಕೆ ಹೊತ್ತ ರೈತ ಮರುದಿನ ಹೊಲಕ್ಕೆ ಹೋಗುತ್ತಾನೆ. ಹರಕೆಯನ್ನು ಮೂಢನಂಬಿಕೆಯೆಂದು ತಳ್ಳಿಹಾಕುವ ಓದುಬಲ್ಲವರು ಈ ಮರುದಿನದ ದುಡಿಮೆಯನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ಆದರೆ ಹರಕೆ ಹೊರಲು ಏನಾದರೂ ಬೇಕೆನಿಸಬೇಕು. ಖಿನ್ನತೆ ಮೊದಲು ಕಸಿಯುವುದು ಅದನ್ನೇ. ಊಟ ರುಚಿಸದು, ನಿದ್ದೆ ನಡುರಾತ್ರಿಗೇ ಮುರಿಯುತ್ತದೆ, ಮಗು ಮಡಿಲಿಗೆ ಬಂದರೂ ಮನಸ್ಸು ಅರಳುವುದಿಲ್ಲ. ಅಂಥವರು ದೇವಿಯೆದುರು ನಿಂತರೂ ಕೇಳಿಕೊಳ್ಳಲು ಏನೂ ಹೊಳೆಯುವುದಿಲ್ಲ. ಅವರ ಪರವಾಗಿ ಅಮ್ಮನೋ ಹೆಂಡತಿಯೋ ಹರಕೆ ಹೊರುತ್ತಾರೆ. ಕಳವಳದವರು ತಮ್ಮ ಹರಕೆಯನ್ನು ತಾವೇ ಹೊರುತ್ತಾರೆ, ಖಿನ್ನತೆಯವರ ಹರಕೆಯನ್ನು ಬೇರೆಯವರು ಹೊತ್ತಿರುತ್ತಾರೆ ಎಂಬುದು ನಾನು ಮುಂದಿಡುವ ಊಹಾಪ್ರಮೇಯ. ಮಕ್ಕಳ, ಹಾಸಿಗೆ ಹಿಡಿದವರ ಹರಕೆಯನ್ನು ಹೇಗೂ ಬೇರೆಯವರೇ ಹೊರುವುದರಿಂದ ಅವರಿಗೆ ಇದು ಅನ್ವಯಿಸದು.

ಇನ್ನೊಂದು ಅಪಾಯವೂ ಇದೆ, ಇದನ್ನು ಹಗುರವಾಗಿ ನೋಡಬಾರದು. ಹಳೆಯ ಹರಕೆ ತೀರಿಸದೆ ಉಳಿದದ್ದೇ ಕಷ್ಟಕ್ಕೆ ಕಾರಣವೆಂದು ಹಿರಿಯರು ಹೇಳುವುದುಂಟು. ಕಳವಳದವರು ಹೋಗಿ ತೀರಿಸಿ ಬಂದು ಹಗುರಾಗುತ್ತಾರೆ. ತನ್ನಿಂದಲೇ ಮನೆ ಹಾಳಾಯಿತೆಂದು ಮೊದಲೇ ನಂಬಿರುವ ಖಿನ್ನತೆಯ ರೋಗಿಗೆ ಆ ಮಾತು ಸಾಕ್ಷ್ಯವಾಗಿಬಿಡುತ್ತದೆ.

ರೋಗಿ ಬಾಯಿಬಿಟ್ಟು ಹೇಳುವುದೂ ಸುಲಭವಲ್ಲ. ಮನೋವೈದ್ಯರಾದ ರಘುರಾಮ್, ವೈಸ್ ಮತ್ತು ಸಹಲೇಖಕರು 1996ರಲ್ಲಿ ಪ್ರಕಟಿಸಿದ ಬೆಂಗಳೂರಿನ ಅಧ್ಯಯನದಲ್ಲಿ 80 ಹೊರರೋಗಿಗಳನ್ನು ಮಾತನಾಡಿಸಿದ್ದರು. ಖಿನ್ನತೆ ಹೆಚ್ಚಿದಷ್ಟೂ ಕಳಂಕದ ಭಾವ ಹೆಚ್ಚಿತ್ತು. ದೈಹಿಕ ಲಕ್ಷಣಗಳು ಹೆಚ್ಚಿದಲ್ಲಿ ಅದು ಕಡಿಮೆಯಿತ್ತು. ತಲೆಭಾರ, ಎದೆಯುರಿ, ಕೈಕಾಲು ಸೋಲುವುದನ್ನು ಹೇಳಿಕೊಂಡರೆ ಮಾನ ಹೋಗುವುದಿಲ್ಲ.

ದೇವಾಲಯವೇ ಆಸರೆಯಾಗಬಲ್ಲದೆಂಬುದಕ್ಕೂ ಆಧಾರವಿದೆ. ರಘುರಾಮ್ ಮತ್ತು ಸಂಗಡಿಗರು ತಮಿಳುನಾಡಿನ ಮುತ್ತುಸ್ವಾಮಿ ಗುಡಿಯಲ್ಲಿ ತಂಗಿದ್ದ 31 ಮಂದಿ ಮನೋರೋಗಿಗಳ ಸ್ಥಿತಿಯನ್ನು ಅಳೆದು 2002ರಲ್ಲಿ ವರದಿ ಮಾಡಿದರು. ರೋಗಲಕ್ಷಣಗಳ ಅಂಕ ಶೇಕಡಾ 20ರ ಸಮೀಪ ಇಳಿದಿತ್ತು. ಅಲ್ಲಿ ವಿಶೇಷ ಚಿಕಿತ್ಸಾವಿಧಿ ಇರಲಿಲ್ಲ. ಬೆದರಿಕೆಯಿಲ್ಲದೆ ಇರಗೊಟ್ಟ ಜಾಗವಿತ್ತು, ಜೊತೆಗೆ ಮನೆಯವರಿದ್ದರು. ಕಾರ್‌ಸ್ಟೇರ್ಸ್ ಮತ್ತು ಆರ್. ಎಲ್. ಕಪೂರ್ ಎಂಬ ಮನೋವೈದ್ಯರು ಕರಾವಳಿಯ ಕೋಟದ ಬಗ್ಗೆ 1976ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವೈದ್ಯ, ಮಂತ್ರವಾದಿ, ದೈವ ಮೈದುಂಬುವ ಪಾತ್ರಿ ಮೂವರೂ ಬರುತ್ತಾರೆ. ಜನ ಒಂದೇ ಬಾಗಿಲಿಗೆ ಅಂಟಿಕೊಂಡಿರಲಿಲ್ಲ.

ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಂತೆ ವಯಸ್ಕರಲ್ಲಿ ಶೇ. 10.6ರಷ್ಟು ಮಂದಿಗೆ ಮಾನಸಿಕ ಕಾಯಿಲೆಯಿತ್ತು. ಚಿಕಿತ್ಸೆ ಸಿಗದವರ ಪ್ರಮಾಣ ಕಾಯಿಲೆಗೆ ತಕ್ಕಂತೆ ಶೇ. 70ರಿಂದ 92 ಇತ್ತು. ಮನೋಚೈತನ್ಯ ಯೋಜನೆಯಡಿ ಮನೋವೈದ್ಯರು ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಬರುವ ಏರ್ಪಾಡು ರಾಜ್ಯದಲ್ಲಿದೆ. 2022ರ ಅಕ್ಟೋಬರ್‌ನಿಂದ ಟೆಲಿ ಮಾನಸ್ ಸಹಾಯವಾಣಿ 14416 ಕನ್ನಡದಲ್ಲೂ ಸಿಗುತ್ತದೆ. ಶುಕ್ರವಾರ ಗೊರವನಹಳ್ಳಿಗೆ ಬಂದ ತಾಯಿಗೆ ಮಂಗಳವಾರದ ಆಸ್ಪತ್ರೆಯ ದಾರಿ ತೋರುವವರು ಬೇಕು. ಆಶಾ ಕಾರ್ಯಕರ್ತೆ ಮನೆಮನೆಗೆ ಹೋದಾಗ ದುಃಖವಿದೆಯೇ ಎಂದು ಕೇಳಿದರೆ ಇಲ್ಲವೆಂಬ ಉತ್ತರ ಬರಬಹುದು. ಈ ಮನೆಯಲ್ಲಿ ಯಾರ ಹೆಸರಿನಲ್ಲಿ ಹರಕೆಯಿದೆ, ಅದನ್ನು ಹೊತ್ತವರು ಯಾರು ಎಂದು ಕೇಳಿ, ಎರಡೂ ಬೇರೆ ಹೆಸರಾಗಿದ್ದ ಮನೆಗಳಲ್ಲಿ ಖಿನ್ನತೆಯ ತಪಾಸಣೆ ಮಾಡಿದರೆ ಮೇಲಿನ ಊಹೆ ನಿಲ್ಲುತ್ತದೋ ಬೀಳುತ್ತದೋ ಕೊರಟಗೆರೆ, ಮಧುಗಿರಿ, ಶಿರಾ, ಪಾವಗಡ ಈ ನಾಲ್ಕು ತಾಲ್ಲೂಕುಗಳಲ್ಲೇ ಪರೀಕ್ಷಿಸಬಹುದು.