ಟ್ರಯಲ್ ವರ್ಷನ್, ಫುಲ್ ವರ್ಷನ್: ವಿಡಿಯೋ ಎಡಿಟಿಂಗ್ ತಂತ್ರಾಂಶಗಳ ಹಿಂದಿನ ಕತೆ

"ಟ್ರಯಲ್ಲಿಗೂ ಫುಲ್ಲಿಗೂ ಅಂಥಾದ್ದೇನು ವ್ಯತ್ಯಾಸ ಮಾರಾಯ? ಟ್ರಯಲ್ಲಲ್ಲೇ ಕೆಲಸ ಆಗುತ್ತಾ?" - ಸಾಫ್ಟ್‌ವೇರ್ ಕೆಲಸದಲ್ಲಿರೋ ಯಾರಿಗಾದರೂ ನೆಂಟರಿಷ್ಟರಿಂದ ಈ ಪ್ರಶ್ನೆ ಬಂದೇ ಬರುತ್ತೆ. ಮಗುವಿನ ನಾಮಕರಣದ ವಿಡಿಯೋ ಕತ್ತರಿಸಬೇಕಾದವರು, ಯಕ್ಷಗಾನದ ರೆಕಾರ್ಡಿಂಗ್ ಜೋಡಿಸಬೇಕಾದವರು, ಯೂಟ್ಯೂಬಿನಲ್ಲಿ ಅಡುಗೆ ಚಾನೆಲ್ ಶುರು ಮಾಡಿದವರು, ಎಲ್ಲರದ್ದೂ ಇದೇ ಪ್ರಶ್ನೆ.

ಚುಟುಕಾಗಿ ಉತ್ತರ ಹೇಳಿಬಿಡಬಹುದು. ಆದರೆ ತಮಾಷೆ ನೋಡಿ, ಬಹಳಷ್ಟು ತಂತ್ರಾಂಶಗಳಲ್ಲಿ ಟ್ರಯಲ್ಲೂ ಫುಲ್ಲೂ ಒಂದೇ ಫೈಲು. ನೀವು ಇಳಿಸಿಕೊಳ್ಳೋ ಇನ್‌ಸ್ಟಾಲರ್ ಒಂದೇ. ಒಳಗೆ ಎಲ್ಲೋ ಒಂದು ಇಫ್ ಕಂಡೀಷನ್ ಕೂತಿರುತ್ತೆ: "ಇವನು ದುಡ್ಡು ಕೊಟ್ಟಿದ್ದಾನಾ?" ಕೊಟ್ಟಿದ್ದರೆ ಈ ದಾರಿ, ಇಲ್ಲದಿದ್ದರೆ ಆ ದಾರಿ. ಅಷ್ಟೇ. ಹಾಗಾಗಿ ಆ ಕಂಡೀಷನ್ನಿನ ಆಚೆ ಏನನ್ನು ಅಡಗಿಸಿಡುತ್ತಾರೆ, ಯಾಕೆ ಅದನ್ನೇ ಅಡಗಿಸುತ್ತಾರೆ ಅನ್ನೋದು ನನಗೆ ಹೆಚ್ಚು ಕುತೂಹಲದ ವಿಷಯ. ಅದಕ್ಕೊಂದು ಚರಿತ್ರೆ ಇದೆ. ಬನ್ನಿ, ಸ್ವಲ್ಪ ಹಿಂದಕ್ಕೆ ಹೋಗೋಣ.

ಮೊದಲು ಇದ್ದಿದ್ದು ನಂಬಿಕೆ

1982ರಲ್ಲಿ ಅಮೆರಿಕದ ಆಂಡ್ರ್ಯೂ ಫ್ಲೂಗಲ್‌ಮನ್ ಎಂಬಾತ ಪಿಸಿ-ಟಾಕ್ ಅನ್ನೋ ತಂತ್ರಾಂಶ ಬರೆದ. ಫೋನ್ ಲೈನ್ ಮೂಲಕ ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಮಾತಾಡಿಸೋ ತಂತ್ರಾಂಶ ಅದು. ಅದನ್ನು ಡಬ್ಬಿಯಲ್ಲಿಟ್ಟು ಮಾರಲಿಲ್ಲ. "ಕಾಪಿ ಮಾಡಿಕೊಳ್ಳಿ, ಗೆಳೆಯರಿಗೂ ಕೊಡಿ, ಇಷ್ಟವಾದರೆ 25 ಡಾಲರ್ ಕಳಿಸಿ" ಅಂದ. ಹೆಚ್ಚುಕಮ್ಮಿ ಅದೇ ಹೊತ್ತಿಗೆ ಜಿಮ್ ನಾಫ್ ಎಂಬ ಇನ್ನೊಬ್ಬ ತನ್ನ ಪಿಸಿ-ಫೈಲ್ ಅನ್ನೂ ಹೀಗೇ ಹಂಚಿದ. ಮರುವರ್ಷ, ಮೈಕ್ರೋಸಾಫ್ಟಿನ ಮೊದಮೊದಲ ಉದ್ಯೋಗಿಗಳಲ್ಲೊಬ್ಬನಾದ ಬಾಬ್ ವ್ಯಾಲೇಸ್ ಕೆಲಸ ಬಿಟ್ಟು ಪಿಸಿ-ರೈಟ್ ತಂದ. ಈ ಪದ್ಧತಿಗೆ "ಶೇರ್‌ವೇರ್" ಅನ್ನೋ ಹೆಸರು ನಿಂತಿದ್ದು ಆಗ.

ಗಮನಿಸಿ, ಅಲ್ಲಿ ಗೋಡೆಯೇ ಇರಲಿಲ್ಲ. ಕೈಗೆ ಸಿಕ್ಕಿದ್ದೇ ಪೂರ್ತಿ ತಂತ್ರಾಂಶ. ದುಡ್ಡು ಕೊಡೋದು ಬಿಡೋದು ಬಳಸುವವನ ಮನಸ್ಸಾಕ್ಷಿಗೆ ಬಿಟ್ಟಿದ್ದು. ಹಳ್ಳಿ ಕಡೆ ರಸ್ತೆ ಬದಿ ಸೌತೆಕಾಯಿ ರಾಶಿ ಹಾಕಿ, ಪಕ್ಕದಲ್ಲಿ ಡಬ್ಬಿ ಇಟ್ಟು ಹೋದ ಹಾಗೆ :-)

ಆಮೇಲೆ ಬಂದಿದ್ದು ರುಚಿ ತೋರಿಸೋ ಪದ್ಧತಿ. 1993ರ ಡಿಸೆಂಬರಿನಲ್ಲಿ ಬಂದ ಡೂಮ್ ಆಟದ ಮೊದಲ ಭಾಗ ಉಚಿತ, ಉಳಿದ ಭಾಗಗಳಿಗೆ ದುಡ್ಡು. ಇಲ್ಲಿ ಗೋಡೆ ಕಾಣಿಸುತ್ತೆ, ಆದರೆ ಗೋಡೆಯ ಈಚೆಗಿದ್ದ ಆಟವೂ ತನ್ನಷ್ಟಕ್ಕೆ ಪೂರ್ತಿ.

ವಿಡಿಯೋಗೆ ಟ್ರಯಲ್ ಬಂದಿದ್ದು ತಡವಾಗಿ

ವಿಡಿಯೋ ಎಡಿಟಿಂಗ್ ಕತೆ ಬೇರೆ. 1989ರಲ್ಲಿ ಏವಿಡ್ ಕಂಪನಿಯ ಮೀಡಿಯಾ ಕಂಪೋಸರ್ ಬಂದಾಗ ಅದು ಸಿ.ಡಿ.ಯಲ್ಲಿ ಕೊಡೋ ವಸ್ತುವೇ ಆಗಿರಲಿಲ್ಲ. ಕಂಪ್ಯೂಟರ್, ಕಾರ್ಡು, ಡಿಸ್ಕುಗಳ ಸಮೇತ ಹತ್ತಾರು ಸಾವಿರ ಡಾಲರಿನ ಯಂತ್ರ. ಅಂಥದ್ದಕ್ಕೆ ಟ್ರಯಲ್ ಎಲ್ಲಿಂದ ಬರಬೇಕು? ಡೆಮೋ ನೋಡೋದು, ಇಲ್ಲಾ ಕೊಳ್ಳೋದು. ಮುಂದೆ ತಂತ್ರಾಂಶ ಬೇರೆಯಾಗಿ ಸಿಗಲು ಶುರುವಾದ ಮೇಲೂ ಏವಿಡ್ ಬಹಳ ವರ್ಷ ಡಾಂಗಲ್ ಇಟ್ಟುಕೊಂಡಿತ್ತು. ಕಂಪ್ಯೂಟರಿನ ಹಿಂದೆ ಸಿಕ್ಕಿಸೋ ಪುಟ್ಟ ಬೀಗದ ಕೈ. ಅದಿಲ್ಲದೆ ತಂತ್ರಾಂಶ ಅಲ್ಲಾಡೋದಿಲ್ಲ.

ಮೇಜಿನ ಮೇಲಿನ ಮಾಮೂಲಿ ಕಂಪ್ಯೂಟರಿಗೆ ಎಡಿಟಿಂಗ್ ಬಂದಿದ್ದು 1991ರ ಕೊನೆಗೆ, ಅಡೋಬಿ ಪ್ರೀಮಿಯರ್ ಜೊತೆ. ಅದರ ಮೊದಲ ಆವೃತ್ತಿಗಳನ್ನು ಬರೆದವನು ರ್‍ಯಾಂಡಿ ಉಬಿಲೋಸ್. ಈತ ನಂತರ ಮ್ಯಾಕ್ರೋಮೀಡಿಯಾಗೆ ಹೋಗಿ ಅಲ್ಲಿ ಇನ್ನೊಂದು ಎಡಿಟರ್ ಶುರು ಮಾಡಿದ. 1998ರಲ್ಲಿ ಆಪಲ್ ಅದನ್ನು ಕೊಂಡುಕೊಂಡಿತು. 1999ರಲ್ಲಿ 999 ಡಾಲರಿಗೆ ಫೈನಲ್ ಕಟ್ ಪ್ರೋ ಆಗಿ ಹೊರಬಂದಿದ್ದು ಅದೇ. ಅಂದರೆ ಎರಡು ದೊಡ್ಡ ಪ್ರತಿಸ್ಪರ್ಧಿಗಳ ಹಿಂದೆ ಇದ್ದವನು ಒಬ್ಬನೇ ಇಂಜಿನಿಯರ್! ನಮ್ಮ ಜಾತಿಯವನಿಗೆ ಒಂದು ಸಲಾಂ.

ನಾಲ್ಕು ಬಗೆಯ ಗೋಡೆಗಳು

ಈ ತಂತ್ರಾಂಶಗಳಿಗೆ ಟ್ರಯಲ್ ಕೊಡೋ ಹೊತ್ತಿಗೆ ಕಂಪನಿಗಳು ನಾಲ್ಕು ಥರದ ಗೋಡೆ ಕಟ್ಟಿದವು.

ಮೊದಲನೆಯದು, ಸೇವ್ ಆಗದಿರೋದು. 90ರ ದಶಕದಲ್ಲಿ ಅಡೋಬಿಯ "ಟ್ರೈಔಟ್" ಸಿ.ಡಿ.ಗಳಲ್ಲಿ ಫೋಟೋಶಾಪ್ ಥರದ ತಂತ್ರಾಂಶ ತೆರೆಯುತ್ತಿತ್ತು, ಎಲ್ಲ ಉಪಕರಣವೂ ಇರುತ್ತಿತ್ತು, ಆದರೆ ಸೇವ್ ಇಲ್ಲ, ಪ್ರಿಂಟ್ ಇಲ್ಲ. ಮಳೆಯಲ್ಲಿ ರಂಗೋಲಿ ಹಾಕಿದಂತೆ.

ಎರಡನೆಯದು, ಕಾಲದ ಗೋಡೆ. ಎಲ್ಲವೂ ಕೆಲಸ ಮಾಡುತ್ತೆ, ಆದರೆ 30 ದಿನ ಮಾತ್ರ. ಕಲಿಯುವವನಿಗೆ ಇದು ಪ್ರಾಮಾಣಿಕ ಗೋಡೆ. ತೊಂದರೆ ಏನಂದರೆ ಎಡಿಟಿಂಗ್ ಒಂದು ತಿಂಗಳಲ್ಲಿ ಕೈಗೆ ಹತ್ತೋ ವಿದ್ಯೆಯಲ್ಲ. ಆಪಲ್ ಕಂಪನಿ ಫೈನಲ್ ಕಟ್ ಪ್ರೋಗೆ ಇದ್ದ 30 ದಿನದ ಟ್ರಯಲ್ಲನ್ನು 2020ರ ಲಾಕ್‌ಡೌನ್ ಹೊತ್ತಿಗೆ 90 ದಿನಕ್ಕೆ ವಿಸ್ತರಿಸಿತು. ಅಡೋಬಿ ತನ್ನ 30 ದಿನವನ್ನು 7 ದಿನಕ್ಕಿಳಿಸಿತು. ಏಳು ದಿನದಲ್ಲಿ ಟೈಮ್‌ಲೈನ್ ಎಲ್ಲಿದೆ ಅಂತ ಗೊತ್ತಾದರೆ ಪುಣ್ಯ.

ಮೂರನೆಯದು, ವಾಟರ್‌ಮಾರ್ಕ್. ನನ್ನ ವಯಸ್ಸಿನವರು ಶಾಲೆಯಲ್ಲಿದ್ದಾಗ ಯೂಟ್ಯೂಬ್ ನೋಡಿದ್ದರೆ, ವಿಡಿಯೋದ ಎಡ ಮೂಲೆಯಲ್ಲಿ ಒಂದು ಸಾಲು ಖಂಡಿತ ನೆನಪಿರುತ್ತೆ: "ಅನ್‌ರಿಜಿಸ್ಟರ್ಡ್ ಹೈಪರ್‌ಕ್ಯಾಮ್ 2". ಅದು ಎಡಿಟರ್ ಅಲ್ಲ, ಪರದೆ ರೆಕಾರ್ಡ್ ಮಾಡೋ ತಂತ್ರಾಂಶ. ಲೋಕದ ಎಷ್ಟೋ ಹುಡುಗರ ಮೊದಲ ವಿಡಿಯೋಗಳ ಮೇಲೆ ಆ ಸಾಲಿದೆ. ಫ್ರ್ಯಾಪ್ಸ್ ಇನ್ನೂ ಜಿಪುಣ. ಉಚಿತ ಆವೃತ್ತಿಯಲ್ಲಿ ತನ್ನ ಹೆಸರೂ ಹಾಕುತ್ತಿತ್ತು, 30 ಸೆಕೆಂಡಿಗೆ ನಿಂತೂ ಹೋಗುತ್ತಿತ್ತು. ಮುಂದೆ ಮೊಬೈಲಿಗೆ ಕೈನ್‌ಮಾಸ್ಟರ್ ಬಂತು, ನಮ್ಮೂರ ಹುಡುಗರ ಸ್ಟೇಟಸ್ ವಿಡಿಯೋಗಳ ಮೂಲೆಯಲ್ಲೆಲ್ಲ ಅದರ ಹೆಸರು. ದುಡ್ಡು ಕೊಡದವನು ಜಾಹೀರಾತಿನ ಕೂಲಿ ಮಾಡಬೇಕು, ಇದು ವಾಟರ್‌ಮಾರ್ಕಿನ ಲೆಕ್ಕ.

ನಾಲ್ಕನೆಯದು ಬಹಳ ಜನಕ್ಕೆ ಗೊತ್ತಿಲ್ಲದ ಗೋಡೆ: ಪೇಟೆಂಟ್. 2000ದ ದಶಕದಲ್ಲಿ ಪ್ರೀಮಿಯರ್ ಪ್ರೋದ ಟ್ರಯಲ್ ಹಾಕಿದವರಿಗೆ ಎಂಪೆಗ್-2ಗೆ ಎಕ್ಸ್‌ಪೋರ್ಟ್ ಮಾಡೋ ಸೌಲಭ್ಯ ಸಿಗುತ್ತಿರಲಿಲ್ಲ. ಡಿ.ವಿ.ಡಿ. ಮಾಡಲು ಬೇಕಾದ್ದೇ ಎಂಪೆಗ್-2! ಕಂಪನಿಗೆ ಕೊಡಲು ಮನಸ್ಸಿಲ್ಲ ಅಂತ ಅಲ್ಲ. ಎಂಪೆಗ್-2ರ ಪೇಟೆಂಟುಗಳನ್ನು ಎಂಪೆಗ್ ಎಲ್.ಎ. ಅನ್ನೋ ಸಂಸ್ಥೆ ಒಟ್ಟುಗೂಡಿಸಿ ಲೈಸೆನ್ಸ್ ಕೊಡುತ್ತಿತ್ತು, ಮತ್ತು ರಾಯಧನ ಪ್ರತಿಯೊಂದು ಕಾಪಿಗೂ ಇಷ್ಟು ಅಂತ ಲೆಕ್ಕ. 2002ರಿಂದ ಸುಮಾರು 2.50 ಡಾಲರ್. ಮಾರಿದ ಕಾಪಿಗೆ ಕೊಡಬಹುದು. ಲಕ್ಷಾಂತರ ಜನ ಬರೀ ನೋಡಲು ಇಳಿಸಿಕೊಳ್ಳೋ ಟ್ರಯಲ್ಲಿಗೆ ಯಾರು ಕೊಡುತ್ತಾರೆ? ಹಾಗಾಗಿ ಬೇರೆಯವರಿಂದ ಲೈಸೆನ್ಸ್ ಪಡೆದ ಕೋಡೆಕ್ಕುಗಳನ್ನು ತೆಗೆದುಬಿಟ್ಟು ಟ್ರಯಲ್ ಕೊಡುತ್ತಿದ್ದರು. ಅಮೆರಿಕದಲ್ಲಿ ಎಂಪೆಗ್-2ರ ಕೊನೆಯ ಪೇಟೆಂಟ್ ಮುಗಿದಿದ್ದು 2018ರಲ್ಲಿ. ಅಷ್ಟು ಹೊತ್ತಿಗೆ ಡಿ.ವಿ.ಡಿ.ಯೇ ಮೂಲೆ ಸೇರಿತ್ತು ಬಿಡಿ.

ನಡುವೆ ಬಿಟ್ಟಿ ಸಿಕ್ಕಿದ್ದು

ಈ ಗೋಡೆಗಳ ಮಧ್ಯೆ ಎರಡು ಬಾಗಿಲೂ ತೆರೆದವು. 1999ರಲ್ಲಿ ಆಪಲ್ ತನ್ನ ಐಮ್ಯಾಕ್ ಡಿ.ವಿ. ಜೊತೆ ಐಮೂವಿ ಕೊಟ್ಟಿತು, 2000ದಲ್ಲಿ ವಿಂಡೋಸ್ ಎಂ.ಇ. ಜೊತೆ ಮೂವಿ ಮೇಕರ್ ಬಂತು. ದಿನದ ಲೆಕ್ಕವಿಲ್ಲ, ವಾಟರ್‌ಮಾರ್ಕ್ ಇಲ್ಲ. ವಿಂಡೋಸ್ ಎಕ್ಸ್‌ಪಿ ಇದ್ದ ಸೈಬರ್ ಕೆಫೆಗಳಲ್ಲೂ ಮೂವಿ ಮೇಕರ್ ಇರುತ್ತಿತ್ತು. ನಮ್ಮಲ್ಲಿ ಎಷ್ಟೋ ಜನ ಎಡಿಟಿಂಗಿನ ಅಆಇಈ ಕಲಿತಿದ್ದು ಅದರಲ್ಲೇ. ಅದಕ್ಕೆ ಮೈಕ್ರೋಸಾಫ್ಟ್ 2017ರ ಜನವರಿಯಲ್ಲಿ ತೆರೆ ಎಳೆಯಿತು.

ಫುಲ್ ವರ್ಷನ್ನೇ ಮಾಯವಾದ ವರ್ಷ

2013ರ ಮೇ ತಿಂಗಳಲ್ಲಿ ಅಡೋಬಿ ಒಂದು ಘೋಷಣೆ ಮಾಡಿತು: ಕ್ರಿಯೇಟಿವ್ ಸೂಟ್ ಸರಣಿ ಇನ್ನು ಮುಂದುವರಿಯೋದಿಲ್ಲ, ಹೊಸ ಆವೃತ್ತಿಗಳೆಲ್ಲ ಕ್ರಿಯೇಟಿವ್ ಕ್ಲೌಡ್ ಚಂದಾದಲ್ಲಿ ಮಾತ್ರ. ಆಮೇಲೆ ಇನ್ನೂ ಎಷ್ಟೋ ಕಂಪನಿಗಳು ಅದೇ ದಾರಿ ಹಿಡಿದವು. ಮನೆಬಳಕೆಯವರಿಗೆಂದೇ ಇದ್ದ ಪ್ರೀಮಿಯರ್ ಎಲಿಮೆಂಟ್ಸ್ ಕೂಡ 2025ರ ಆವೃತ್ತಿಯಿಂದ ಮೂರು ವರ್ಷದ ಲೈಸೆನ್ಸ್ ಆಯಿತು.

ಇದನ್ನು ಇಂಜಿನಿಯರ್ ಕಣ್ಣಲ್ಲಿ ನೋಡಿ. ಹಳೆಯ 30 ದಿನದ ಟ್ರಯಲ್ ಏನು ಮಾಡುತ್ತಿತ್ತು? ದಿನ ಎಣಿಸುತ್ತಿತ್ತು, ಮುಗಿದಾಗ ಮುಚ್ಚಿಕೊಳ್ಳುತ್ತಿತ್ತು. ಚಂದಾದ ತಂತ್ರಾಂಶ ಏನು ಮಾಡುತ್ತೆ? ಅದನ್ನೇ! ಪ್ರತಿ ತಿಂಗಳು ದುಡ್ಡು ಕೊಟ್ಟು ಟ್ರಯಲ್ಲನ್ನು ಮುಂದಕ್ಕೆ ಹಾಕುತ್ತಾ ಇರೋದು. ಹಳೆಯ ಅರ್ಥದ ಫುಲ್ ವರ್ಷನ್ ಅಲ್ಲಿ ಇಲ್ಲವೇ ಇಲ್ಲ.

ಅರಸೀಕೆರೆ ಕಡೆ ಮದುವೆ ವಿಡಿಯೋ ಮಾಡೋ ನನ್ನ ಚಿಕ್ಕಪ್ಪನಿಗೆ ಇದರ ಬಿಸಿ ತಟ್ಟಿತು. ಬಾಡಿಗೆ ತಂತ್ರಾಂಶಗಳು ಬೇಕಾದಷ್ಟಿವೆ, ಅವರದ್ದು ಯಾವುದು ಅನ್ನೋದು ಇಲ್ಲಿ ಬೇಡ. ಅವರ ದುಡಿಮೆ ಮದುವೆ ಸೀಸನ್ನಿನದು. ಆಷಾಢದಲ್ಲಿ ಕ್ಯಾಮೆರಾ ಬ್ಯಾಗಿನಿಂದ ಹೊರಗೆ ಬರೋದಿಲ್ಲ. ಆದರೆ ಚಂದಾಕ್ಕೆ ಆಷಾಢ ಗೊತ್ತಿಲ್ಲವಲ್ಲ! ಒಂದು ಆಷಾಢದಲ್ಲಿ ಚಂದಾ ನಿಲ್ಲಿಸಿದರು. ಅದೇ ತಿಂಗಳು ಹಿಂದಿನ ವರ್ಷದ ಗಿರಾಕಿಯೊಬ್ಬರು ಫೋನ್ ಮಾಡಿ, "ನಮ್ಮಪ್ಪ ತೀರಿಕೊಂಡ್ರು, ಮದುವೆ ವಿಡಿಯೋದಲ್ಲಿ ಅವರು ಮಾತಾಡಿದ್ದು ಜಾಸ್ತಿ ಇತ್ತಲ್ಲ, ಅದನ್ನ ಪೂರ್ತಿ ಹಾಕಿ ಕೊಡಿ" ಅಂದರು. ಪ್ರಾಜೆಕ್ಟ್ ಫೈಲ್ ಚಿಕ್ಕಪ್ಪನ ಡಿಸ್ಕಿನಲ್ಲೇ ಇದೆ. ತೆರೆಯೋ ಹಾಗಿಲ್ಲ. ಮತ್ತೆ ಚಂದಾ ಕಟ್ಟಿದ ಮೇಲಷ್ಟೇ ಆ ದನಿ ಹೊರಬಂದಿದ್ದು.

"ಅಲ್ಲ ಕಣೋ, ಬಾಡಿಗೆ ಮನೆ ಬಿಡೋವಾಗ ನಮ್ಮ ಪಾತ್ರೆಪಗಡ ನಾವು ತಗೊಂಡು ಹೋಗ್ತೀವಿ. ಇವರು ಬೀಗ ಜಡಿದು ಪಾತ್ರೆನೂ ಒಳಗೇ ಇಟ್ಕೊತಾರಲ್ಲೋ!" ಅಂದರು ಚಿಕ್ಕಪ್ಪ. ಟ್ರಯಲ್-ಫುಲ್ ಬಗ್ಗೆ ನಾನು ಓದಿದ ಯಾವ ಹೋಲಿಕೆ ಪಟ್ಟಿಯಲ್ಲೂ ಈ ಸಾಲು ಇರಲಿಲ್ಲ.

ಹಾಗಂತ ಕೊಂಡ ಫುಲ್ ವರ್ಷನ್ ಚಿರಂಜೀವಿ ಅಂದುಕೊಳ್ಳಬೇಡಿ. 2011ರಲ್ಲಿ ಫೈನಲ್ ಕಟ್ ಪ್ರೋ ಎಕ್ಸ್ 299.99 ಡಾಲರಿಗೆ ಬಂದಾಗ ಅದು ಹಳೆಯ ಫೈನಲ್ ಕಟ್ 7ರ ಪ್ರಾಜೆಕ್ಟುಗಳನ್ನು ತೆರೆಯುತ್ತಲೇ ಇರಲಿಲ್ಲ. ಎಡಿಟರುಗಳು ರೊಚ್ಚಿಗೆದ್ದಿದ್ದು ಸುಮ್ಮನೆ ಅಲ್ಲ. 2017ರ ಮ್ಯಾಕ್ ಓ.ಎಸ್. ಬಂದ ಮೇಲೆ ಹಳೆಯ 7 ಹೊಸ ಯಂತ್ರಗಳಲ್ಲಿ ಓಡೋದನ್ನೂ ಬಿಟ್ಟಿತು. ದುಡ್ಡು ಕೊಟ್ಟು ಕೊಂಡವರ ಕತೆಯೂ ಇಷ್ಟೇ.

ಉಲ್ಟಾ ಹೊಡೆದ ಡಾವಿಂಚಿ

ಇದೇ ಕಾಲದಲ್ಲಿ ಒಂದು ಕತೆ ತದ್ವಿರುದ್ಧವಾಗಿ ನಡೆಯಿತು. ಡಾವಿಂಚಿ ರಿಸಾಲ್ವ್ ಮೊದಲು ಸಿನಿಮಾದ ಬಣ್ಣ ತಿದ್ದೋ, ಲಕ್ಷಾಂತರ ಡಾಲರಿನ ಯಂತ್ರ. 2009ರಲ್ಲಿ ಆಸ್ಟ್ರೇಲಿಯಾದ ಬ್ಲ್ಯಾಕ್‌ಮ್ಯಾಜಿಕ್ ಡಿಸೈನ್ ಆ ಕಂಪನಿಯನ್ನು ಕೊಂಡಿತು. 2010ರಲ್ಲಿ ತಂತ್ರಾಂಶ ಮಾತ್ರ 995 ಡಾಲರಿಗೆ ಸಿಕ್ಕಿತು, 2011ರಲ್ಲಿ ಉಚಿತ "ಲೈಟ್" ಆವೃತ್ತಿ ಬಂತು, 2017ರಲ್ಲಿ ಸ್ಟುಡಿಯೋ ಆವೃತ್ತಿಯ ಬೆಲೆ 299 ಡಾಲರಿಗೆ ಇಳಿಯಿತು.

ಇದರ ಉಚಿತ ಆವೃತ್ತಿಗೆ ದಿನದ ಲೆಕ್ಕವಿಲ್ಲ. 3840×2160ರವರೆಗೆ ಎಕ್ಸ್‌ಪೋರ್ಟ್ ಆಗುತ್ತೆ. ಶಬ್ದ ಅಲ್ಲ, ಚಿತ್ರದ ಕಾಳುಕಾಳು ತೆಗೆಯೋ ನಾಯ್ಸ್ ರಿಡಕ್ಷನ್ ಥರದ್ದು ಬೇಕಿದ್ದರೆ ಸ್ಟುಡಿಯೋ ಕೊಳ್ಳಬೇಕು. ಸ್ಟುಡಿಯೋದ ಎಫೆಕ್ಟ್ ಹಾಕಿದರೆ ಮಾತ್ರ ವಾಟರ್‌ಮಾರ್ಕ್ ಬರುತ್ತೆ. ಲಿನಕ್ಸ್‌ನ ಉಚಿತ ಆವೃತ್ತಿಯಲ್ಲಿ ಎಚ್.264 ಇಲ್ಲ, ನೋಡಿ, ಲೈಸೆನ್ಸಿನ ನಾಲ್ಕನೇ ಗೋಡೆ ಇನ್ನೂ ಬಿದ್ದಿಲ್ಲ. ಇಷ್ಟು ಉದಾರ ಯಾಕೆ ಅಂದರೆ, ಅವರ ಮುಖ್ಯ ವ್ಯಾಪಾರ ಕ್ಯಾಮೆರಾ ಮತ್ತು ಹಾರ್ಡ್‌ವೇರ್. ತಂತ್ರಾಂಶ ಗಿರಾಕಿಯನ್ನು ಅಂಗಡಿಗೆ ಕರೆಯೋ ತೋರಣ. ಧರ್ಮಕಾರ್ಯವೇನಲ್ಲ, ಆದರೆ ಕಲಿಯೋ ಹುಡುಗನಿಗೆ ಲಾಭವಂತೂ ಹೌದು. ಇನ್ನು ಕೆಡೆನ್‌ಲೈವ್, ಶಾಟ್‌ಕಟ್, ಓಪನ್‌ಶಾಟ್ ಇವೆಲ್ಲ ಮುಕ್ತ ತಂತ್ರಾಂಶಗಳು. ಅಲ್ಲಿ ಆ ಇಫ್ ಕಂಡೀಷನ್ನೇ ಇಲ್ಲ.

ಹಾಗಾದರೆ ಏನು ನೋಡಬೇಕು?

ಟ್ರಯಲ್ ಹಾಕಿದಾಗ ನಾವು ಎಫೆಕ್ಟ್ ಎಷ್ಟಿದೆ, ಟೈಟಲ್ ಎಷ್ಟಿದೆ ಅಂತ ಎಣಿಸುತ್ತೇವೆ. ನನ್ನ ಪಟ್ಟಿಯಲ್ಲಿ ಮೊದಲು ಬರೋದು ಮೂರೇ ಪ್ರಶ್ನೆ. ನಿಮ್ಮ ಕ್ಯಾಮೆರಾದ ಫೈಲ್ ಒಳಗೆ ಬರುತ್ತಾ? ನಿಮಗೆ ಬೇಕಾದ ರೂಪದಲ್ಲಿ ಕಲೆಯಿಲ್ಲದೆ ಹೊರಗೆ ಹೋಗುತ್ತಾ? ದುಡ್ಡು ಕಟ್ಟೋದು ನಿಲ್ಲಿಸಿದ ಮಾರನೇ ದಿನ ನಿಮ್ಮ ಪ್ರಾಜೆಕ್ಟ್ ತೆರೆಯುತ್ತಾ?

ಮೂರನೆಯದಕ್ಕೆ "ಇಲ್ಲ" ಅನ್ನೋದು ಉತ್ತರವಾದರೆ, ಕೆಲಸ ಮುಗಿದ ಕೂಡಲೇ ಪೂರ್ತಿ ಗುಣಮಟ್ಟದ ಒಂದು ಮಾಸ್ಟರ್ ವಿಡಿಯೋ ತೆಗೆದಿಡಿ. ಮೂಲ ಫೂಟೇಜ್ ಅಳಿಸಬೇಡಿ. ಸಾಧ್ಯವಿದ್ದರೆ ಎಕ್ಸ್.ಎಂ.ಎಲ್. ಅಥವಾ ಇ.ಡಿ.ಎಲ್. ರೂಪದಲ್ಲೂ ಎಕ್ಸ್‌ಪೋರ್ಟ್ ಮಾಡಿ. ಇ.ಡಿ.ಎಲ್. ಅಂದರೆ ಟೇಪಿನ ಕಾಲದಿಂದ ಬಂದ ಸಾದಾ ಅಕ್ಷರದ ಪಟ್ಟಿ: ಯಾವ ಶಾಟ್, ಎಲ್ಲಿಂದ, ಎಲ್ಲಿವರೆಗೆ. ನೋಟ್‌ಪ್ಯಾಡಿನಲ್ಲೂ ಓದಬಹುದು. ಲಕ್ಷಗಟ್ಟಲೆ ಬೆಲೆಯ ಎಷ್ಟೋ ಯಂತ್ರಗಳು ಗುಜರಿ ಸೇರಿದವು, ಆ ಬಡಪಾಯಿ ಪಟ್ಟಿ ಇನ್ನೂ ಬದುಕಿದೆ.

ಚಿಕ್ಕಪ್ಪ ಈಗ ಪ್ರತಿ ಮದುವೆಗೂ ಒಂದು ಮಾಸ್ಟರ್ ತೆಗೆದು, ಹಿರಿಯರ ಮಾತುಗಳನ್ನು ಕತ್ತರಿಸದೆ ಬೇರೆ ಫೋಲ್ಡರಿನಲ್ಲಿ ಹಾಕಿಡುತ್ತಾರೆ. ನೀವು ಯಾವುದರಲ್ಲಿ ಎಡಿಟ್ ಮಾಡ್ತೀರಿ? ನಿಮ್ಮ ಹತ್ತು ವರ್ಷದ ಹಿಂದಿನ ಪ್ರಾಜೆಕ್ಟ್ ಇವತ್ತು ತೆರೆಯುತ್ತಾ? ಒಮ್ಮೆ ಡಬಲ್ ಕ್ಲಿಕ್ ಮಾಡಿ ನೋಡಿ, ಆಮೇಲೆ ಹೇಳಿ.