‘ಜೇಡರ ಬಲೆ’ಯಿಂದ ಕೋಲಾರದ ಗಣಿಯವರೆಗೆ

ಕಳೆದ ಭಾನುವಾರ ಮನೆಯಲ್ಲಿ ಎರಡು ಚಿತ್ರಗಳನ್ನು ಒಂದರ ಹಿಂದೊಂದು ನೋಡಿದೆವು. ಮಗನ ಆಯ್ಕೆ ‘ಕೆ.ಜಿ.ಎಫ್.’ (2018), ನನ್ನದು ‘ಜೇಡರ ಬಲೆ’ (1968). ನಡುವೆ ಸರಿಯಾಗಿ ಐವತ್ತು ವರ್ಷ. ಎರಡರಲ್ಲೂ ಮನುಷ್ಯರನ್ನು ಓಡಿಸುವುದು ಚಿನ್ನವೇ.

ದೊರೈ-ಭಗವಾನ್ ಜೋಡಿಯ ‘ಜೇಡರ ಬಲೆ’ಯಲ್ಲಿ ಲೋಹವನ್ನು ಚಿನ್ನವಾಗಿಸುವ ಸೂತ್ರಕ್ಕಾಗಿ ದುಷ್ಟರು ವಿಜ್ಞಾನಿಯ ಬೆನ್ನು ಹತ್ತುತ್ತಾರೆ. ಬಿ.ಎಸ್‌ಸಿ. ಓದಿದ ನನಗೆ ಆ ರಸಾಯನಶಾಸ್ತ್ರ ನಗು ತರಿಸಿತು. ಆದರೆ ಪೌರಾಣಿಕ ಪಾತ್ರಗಳಿಂದ ಮನೆಮಾತಾಗಿದ್ದ ರಾಜಕುಮಾರ್ ಅವರಿಗೆ ಪಿಸ್ತೂಲು ಕೊಟ್ಟು ಸಿ.ಐ.ಡಿ. 999 ಮಾಡಿದ ಧೈರ್ಯ ಸಣ್ಣದಲ್ಲ. ಜೇಮ್ಸ್ ಬಾಂಡ್ ತೆರೆಗೆ ಬಂದದ್ದು 1962ರಲ್ಲಿ. ಆರೇ ವರ್ಷಗಳಲ್ಲಿ ಕನ್ನಡಕ್ಕೂ ಒಬ್ಬ ಪತ್ತೇದಾರ ಸಿಕ್ಕಿದ. ಅದೇ ವರ್ಷ ‘ಗೋವಾದಲ್ಲಿ ಸಿ.ಐ.ಡಿ. 999’ ಕೂಡ ಬಂತು.

ಮುಂದಿನ ಕೊಂಡಿ ನಮ್ಮ ಮುಂಬಯಿಯದು. ಓದಿಗೆಂದು ಇಲ್ಲಿಗೆ ಬಂದ ಅನಂತನಾಗ್, ಬೆನ್ನಿಗೇ ತಮ್ಮ ಶಂಕರನಾಗ್, ಇಬ್ಬರೂ ಈ ನಗರದ ರಂಗಭೂಮಿಯಲ್ಲಿ ಪಳಗಿದವರು. ರ್‍ಯಾಂಡ್ ಹತ್ಯೆಯ ಕಥೆಯುಳ್ಳ ಮರಾಠಿ ಚಿತ್ರ ‘22 ಜೂನ್ 1897’ರ ಬರವಣಿಗೆಯಲ್ಲಿ ಶಂಕರ್ ಕೈಜೋಡಿಸಿದರು. ಬಳಿಕ 1980ರಲ್ಲಿ ‘ಮಿಂಚಿನ ಓಟ’ ನಿರ್ದೇಶಿಸಿದರು. ಕಾರು ಕದಿಯುವವರು, ಸೆರೆಮನೆ, ಅಲ್ಲಿಂದ ಪಲಾಯನ: ಕಥೆ ಇಷ್ಟೇ. ಆದರೆ ಅಲ್ಲಿನ ಕಳ್ಳರು ನಮ್ಮಂತೆಯೇ ಮಾತಾಡುವ ಮನುಷ್ಯರು. ಮರಾಠಿಯ ಪ್ರಿಯಾ ತೆಂಡೂಲ್ಕರ್ ಅದರಲ್ಲಿದ್ದಾರೆ. ಶಂಕರ್ 1990ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. 1993ರಲ್ಲಿ ಸುನೀಲ್‌ಕುಮಾರ್ ದೇಸಾಯಿ ಹಾಡುಗಳಿಲ್ಲದ ‘ನಿಷ್ಕರ್ಷ’ದಲ್ಲಿ ಮಣಿಪಾಲದ ಬಹುಮಹಡಿ ಕಟ್ಟಡವೊಂದನ್ನೇ ರಣರಂಗವಾಗಿಸಿದರು. ಉಡುಪಿ ಕಡೆಯ ನಮ್ಮವರಿಗೆ ಆ ಬೀದಿಗಳು ಅಪರಿಚಿತವೇನಲ್ಲ.

ಇನ್ನು ಪ್ರಶಾಂತ್ ನೀಲ್ ಅವರ ‘ಕೆ.ಜಿ.ಎಫ್.’ ನಾಯಕ ಹುಡುಗನಾಗಿ ಬೊಂಬಾಯಿಗೆ ಬಂದು ಬೂಟ್ ಪಾಲಿಶ್ ಮಾಡುತ್ತಾನೆ. ಹೊಡೆದಾಟ ಅತಿಯಾಯಿತೆಂದು ನನಗೆ ಅನ್ನಿಸಿತು. ಬರಿಗೈಯಲ್ಲಿ ಈ ನಗರಕ್ಕೆ ಬಂದ ಹುಡುಗನ ಹಸಿವು ಮಾತ್ರ ಸುಳ್ಳೆನಿಸಲಿಲ್ಲ. ಚಿತ್ರದ ಗಣಿ ಕಲ್ಪನೆಯದು. ನಿಜವಾದ ಕೋಲಾರದಲ್ಲಿ ಜಾನ್ ಟೇಲರ್ ಕಂಪನಿ 1880ರಲ್ಲಿ ಕೆಲಸ ಆರಂಭಿಸಿತು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಬಂತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು.

ಮಗ ಈ ಚಿತ್ರವನ್ನು ಮೊದಲು ಥಿಯೇಟರಿನಲ್ಲಿ ಹಿಂದಿಯಲ್ಲಿ ನೋಡಿದ್ದ. ಈ ಸಲ ಕನ್ನಡದಲ್ಲೇ ಹಾಕಿದೆ. ನಡುನಡುವೆ ಐದಾರು ಮಾತುಗಳ ಅರ್ಥ ಕೇಳಿದ. ಮುಗಿದ ಮೇಲೆ, “ಅಪ್ಪಾ, ಇದು ನಮ್ಮ ಭಾಷೆಯ ಸಿನಿಮಾ ಅಂತ ನನ್ನ ಫ್ರೆಂಡ್ಸಿಗೆ ಗೊತ್ತೇ ಇಲ್ಲ,” ಎಂದ. ಅವನ ಬಾಯಲ್ಲಿ ‘ನಮ್ಮ ಭಾಷೆ’ ಎಂಬ ಮಾತು ಕೇಳಿ ಬಹಳ ದಿನವಾಗಿತ್ತು. ಮುಂದಿನ ಭಾನುವಾರ ‘ಮಿಂಚಿನ ಓಟ’ ಎಂದು ಗೊತ್ತುಮಾಡಿದ್ದೇವೆ. ಓದುಗರೂ ತಮ್ಮ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಲಿ.